ಖಾಲಿ ಕಳಿಸದ ಡಬ್ಬಿ

ಏಳನೆಯ ಕಂತು

"ಇನ್ನೊಮ್ಮಿ ತಗದು ನೋಡ್ರಿ ಲತಾ ಅಕ್ಕಾ. ನಿನ್ನೆ ಕಾಣದ್ದು ಇವತ್ತು ಕಂಡೀತು," ಎಂದಳು ತಾಹೇರಾ.

ಲತಾಶ್ರೀ ಆ ಪುಟ್ಟ ಸ್ಟೀಲ್ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮುಚ್ಚಳ ತೆಗೆದಳು. ನಿನ್ನೆ ಮಧ್ಯಾಹ್ನದಿಂದ ಇದು ಹನ್ನೊಂದನೆಯ ಸಲ. ಒಳಗಿದ್ದದ್ದು ಬದಲಾಗಿರಲಿಲ್ಲ. ಎರಡು ಚಮಚದಷ್ಟು ಸಕ್ಕರೆ, ಅದರ ನಡುವೆ ಒಂದು ಲವಂಗ. ಇರಬೇಕಾಗಿದ್ದದ್ದು ಹದಿನಾಲ್ಕು ಹಳದಿ ಮಾತ್ರೆ.

ಮಾತ್ರೆಗಳು ದ್ವಾರಕಾನಾಥ ಮಾಮನವು. ಮಾಮ ಅದೇ ಕೋಣೆಯ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಎಂಬತ್ತೊಂದು ವರ್ಷ, ಪಾರ್ಕಿನ್ಸನ್ ಕಾಯಿಲೆ. ಹೊತ್ತು ಹೊತ್ತಿಗೆ ಮಾತ್ರೆ ಬಿದ್ದರೆ ನಡೆಯುತ್ತಾರೆ, ಹಾಡುತ್ತಾರೆ, ಕಂಡವರ ಕಾಲೆಳೆಯುತ್ತಾರೆ. ಬೀಳದಿದ್ದರೆ ಮೈ ಮರಗಟ್ಟುತ್ತದೆ, ದವಡೆ ಬಿಗಿಯುತ್ತದೆ, ಮಾತು ನಿಲ್ಲುತ್ತದೆ. ಕೊನೆಯ ಮಾತ್ರೆ ಬಿದ್ದು ಇಪ್ಪತ್ತೇಳು ಗಂಟೆಯಾಗಿತ್ತು.

"ಜ್ವರ ನೂರಾ ಮೂರು," ತಾಹೇರಾ ತಗ್ಗಿದ ದನಿಯಲ್ಲಿ ಹೇಳಿದಳು. ಗದಗಿನ ಹೆಣ್ಣು, ಷಿಕಾಗೋ ಬಳಿಯ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುವವಳು. ಈ ಹಡಗಿನ ಮೇಲೆ ಡಾಕ್ಟರ್ ಅಂದರೂ ಅವಳೇ. "ಈ ಮಾತ್ರಿ ಒಮ್ಮೆಲೆ ನಿಲ್ಲಿಸಬಾರದ್ರಿ. ಬರೇ ಮಾತು ಹೋಗೂದಲ್ಲ, ಜೀವಕ್ಕ ಬರತದ. ಟಗ್ ಬೋಟು ಸಂಜಿ ಎಂಟಕ್ಕ ಅಂತಾರ. ಎಂಟರ ತನಕ ಮಾಮ ತಡೀತಾರಂತ ನಾ ಹೇಳಂಗಿಲ್ಲ."

ಆಸ್ಪತ್ರೆಗೆ ಹೋಗುವುದಾದರೂ ಹೇಗೆ? ಷಿಕಾಗೋ, ಡೆಟ್ರಾಯಿಟ್ ಎರಡೂ ಕಡೆಯ ಕನ್ನಡಿಗರು ಸೇರಿ ಮೂರು ದಿನದ ವಿಹಾರಕ್ಕೆ ಹಿಡಿದ ಈ ಹಡಗು, ಹ್ಯೂರಾನ್ ಸರೋವರದ ನಡುವೆ, ದಡದಿಂದ ಹದಿನೆಂಟು ಮೈಲಿ ದೂರದಲ್ಲಿ ಎಂಜಿನ್ ಸುಟ್ಟುಕೊಂಡು ನಿಂತು ಇದು ಎರಡನೆಯ ದಿನ. ಮಂಜು ಎಷ್ಟು ದಟ್ಟವೆಂದರೆ ಕಟಕಟೆಗೆ ಒರಗಿ ನಿಂತವರಿಗೆ ಕೆಳಗಿನ ನೀರು ಕಾಣುವುದಿಲ್ಲ. ಹೆಲಿಕಾಪ್ಟರ್ ಹಾರುವಂತಿಲ್ಲ. ಎರಡೆರಡು ನಿಮಿಷಕ್ಕೊಮ್ಮೆ ಹಡಗಿನ ಭೋಂಪು ಒಂದು ಉದ್ದ, ಎರಡು ಗಿಡ್ಡ ಕೂಗಿ, ನಾವಿಲ್ಲಿದ್ದೇವೆ ಎಂದು ಕಾಣದ ಲೋಕಕ್ಕೆ ಸಾರುತ್ತಿತ್ತು.

ಅಡುಗೆಮನೆ ಕೆಟ್ಟಿತ್ತು. ನಿನ್ನೆ ಮಧ್ಯಾಹ್ನ ಎಲ್ಲರೂ ತಾವು ತಾವು ಮನೆಯಿಂದ ತಂದ ಚಕ್ಕುಲಿ, ಕೋಡುಬಳೆ, ಅವಲಕ್ಕಿ, ಚಟ್ನಿಪುಡಿಗಳನ್ನು ದೊಡ್ಡ ಹಾಲ್‌ನ ಮೇಜಿನ ಮೇಲೆ ಹರವಿ ಹಂಚಿಕೊಂಡು ತಿಂದರು. ಆ ಗಲಾಟೆಯಲ್ಲೇ ಮಾಮನ ಚೀಲದಿಂದ ಡಬ್ಬಿ ಹೊರಗೆ ಬಂತು, ಮಾತ್ರೆ ಹೋಯಿತು, ಸಕ್ಕರೆ ತುಂಬಿತು, ಡಬ್ಬಿ ಸ್ವಸ್ಥಾನಕ್ಕೆ ಮರಳಿತು.

ಕದ್ದವರು ಡಬ್ಬಿಯನ್ನು ನೀರಿಗೆ ಎಸೆಯಬಹುದಿತ್ತು. ಎಸೆಯಲಿಲ್ಲ. ಖಾಲಿ ಇಡಬಹುದಿತ್ತು. ಇಡಲಿಲ್ಲ.

"ಖಾಲಿ ಡಬ್ಬಿ ಯಾರರ ವಾಪಸ್ ಕೊಡ್ತಾರೇನ್ರೀ?" ಎಂದು ನಿನ್ನೆ ತಾಹೇರಾ ಸಹಜವಾಗಿ ಅಂದಿದ್ದಳು. "ನಮ್ಮಮ್ಮಿ ಬೈತಿದ್ಲು. ಏನೂ ಇಲ್ಲಂದ್ರ ಒಂದ್ ಚಿಟಿಕಿ ಸಕ್ರಿ ಹಾಕ್ ಅಂತಿದ್ಲು."

ಅಲ್ಲಿಗೆ ಲತಾಶ್ರೀಗೆ ದಾರಿ ಸಿಕ್ಕಿತ್ತು. ಅವಳಿರುವುದು ಡೆಟ್ರಾಯಿಟ್ ಬಳಿಯ ಪ್ಲಿಮತ್‌ನಲ್ಲಿ, ಕೆಲಸ ಕಾರಿನ ಬ್ರೇಕು ಮಾಡುವ ಕಾರ್ಖಾನೆಯಲ್ಲಿ, ಕೆಟ್ಟ ಬಿಡಿಭಾಗ ಯಾಕೆ ಕೆಟ್ಟಿತೆಂದು ಪತ್ತೆ ಹಚ್ಚುವುದು. ಊರಿನ ಮೂರು ಕಳ್ಳತನಗಳನ್ನು ಅದೇ ಬುದ್ಧಿಯಿಂದ ಬಯಲಿಗೆಳೆದ ಮೇಲೆ ಕನ್ನಡಿಗರ ವಲಯದಲ್ಲಿ ಅವಳು ಬಿಟ್ಟಿ ಪತ್ತೇದಾರಿಣಿ. ದೋಷ ಕಾಣಿಸಿದ ಕಡೆಯೇ ಹುಟ್ಟಿರುವುದಿಲ್ಲ, ಹಿಂದಕ್ಕೆ ನಡೆಯುತ್ತ ಹೋಗು, ಪ್ರತಿ ಹೆಜ್ಜೆಗೂ ಯಾಕೆ ಎಂದು ಕೇಳು: ಇದು ಅವಳ ಒಂದೇ ಮಂತ್ರ.

ಹಡಗಿನ ನೌಕರರು ಓದಬಾರದೆಂದು ಅವಳು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದಳು. ಸಕ್ಕರೆ ಹಾಕಿದ್ದು ಬುದ್ಧಿಯಲ್ಲ, ಕೈ. ಕನ್ನಡನಾಡಿನ ಅಡುಗೆಮನೆಯಲ್ಲಿ ಪಳಗಿದ ಕೈ. ನೌಕರರ ಹೆಸರುಗಳಿಗೆ ಗೀಟು ಬಿತ್ತು. ಇಲ್ಲೇ ಹುಟ್ಟಿದ ಮಕ್ಕಳಿಗೂ ಬಿತ್ತು, ಅವರು ಡಬ್ಬಿಯನ್ನೇ ವಾಪಸ್ ಕೊಡುವವರಲ್ಲ. ಗಂಡಸರಿಗೆ ಈ ಬುದ್ಧಿ ಎಲ್ಲಿಂದ ಬರಬೇಕೆಂದು ಒಂದೇ ಗೀಟಿನಲ್ಲಿ ಮೂವತ್ತೊಂದು ಗಂಡಸರನ್ನೂ ಕೈಬಿಟ್ಟಳು. ಲವಂಗ ಮಾಮನದೇ ಇರಬೇಕು, ಊಟದ ಮೇಲೆ ಜಗಿಯುತ್ತಾರೆ ಎಂದು ಅದನ್ನೂ ಪಕ್ಕಕ್ಕಿಟ್ಟಳು.

ಉಳಿದದ್ದು ಇಪ್ಪತ್ತೆರಡು ಹೆಂಗಸರು. ಅವರಲ್ಲಿ ಒಂದು ಹೆಸರಿನ ಕೆಳಗೆ ಪೆನ್ನು ಮೂರು ಸಲ ಓಡಾಡಿ ಕಾಗದ ಹರಿಯುವುದೊಂದು ಬಾಕಿ.

ರೇಣು.

ಆ ರೇಣು ಈಗ ಮಾಮನ ತಲೆದಿಂಬಿನ ಬಳಿ ಕುಳಿತು ಹಣೆ ಒರೆಸುತ್ತಿದ್ದಳು. ಎರಡು ದಿನ ಸ್ನಾನವಿಲ್ಲ, ತಲೆ ಬಾಚಿಲ್ಲ. ಆದರೂ ಲಕ್ಷಣವಾಗಿಯೇ ಕಾಣುತ್ತಿದ್ದಳು, ಹಾಳಾದವಳು. ಐವತ್ತೆರಡು ವರ್ಷಕ್ಕೆ ಲತಾಶ್ರೀಗೆ ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬಂದಿತ್ತು. ಅದೇ ವಯಸ್ಸಿನ ರೇಣುಗೆ ಅದರ ಸುಳಿವೂ ಇರಲಿಲ್ಲ.

ಬಾಗಿಲು ಸರಿಯಿತು. ಕೈಯಲ್ಲಿ ಫ್ಲಾಸ್ಕ್ ಹಿಡಿದು ಬಂದವನು ಲತಾಶ್ರೀಯ ಗಂಡ ಬದರೀನಾಥ. ಮಾಮ ಅವನ ತಾಯಿಯ ತಮ್ಮ.

"ರೇಣು, ಬಿಸಿನೀರು. ಒರೆಸೋದಿರ್ಲಿ, ಸ್ವಲ್ಪ ಸ್ವಲ್ಪ ಕುಡಿಸೋಕೆ ನೋಡು," ಎಂದ.

"ಇಡು ಬದರಿ," ಎಂದಳು ರೇಣು.

ಇಟ್ಟ. ಹೆಂಡತಿಯ ಮುಖ ನೋಡದೆ ಹೊರಟುಹೋದ.

ನಿನ್ನೆ ಸಂಜೆಯಿಂದ ಐದನೆಯ ಫ್ಲಾಸ್ಕು. ಲತಾಶ್ರೀ ಲೆಕ್ಕ ಇಟ್ಟಿದ್ದಳು. ಇಡೀ ಹಡಗಿಗೆ ಕೆಲಸ ಮಾಡುತ್ತಿದ್ದದ್ದು ಒಂದೇ ಒಂದು ಕೆಟಲು, ಅದರ ಮುಂದೆ ನಲವತ್ತು ನಿಮಿಷದ ಸಾಲು. ಹೆಂಡತಿಗೆ ಬೆಳಗಿನ ಕಾಫಿಗೆಂದು ಒಂದು ಲೋಟ ಬಿಸಿನೀರು ತರಲಾಗದ ಮಹಾನುಭಾವ, ರೇಣು ಕುಳಿತ ಕೋಣೆಗೆ ಐದು ಸಲ ಹೊತ್ತು ತಂದಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ. ಆದರೆ ಇಡೀ ಊರಿಗೇನೂ ಅಲ್ಲವಲ್ಲ, ಆ ಊರಿನ ಒಬ್ಬಳಿಗೆ.

ಹೊಟ್ಟೆಕಿಚ್ಚು ಎನ್ನುವುದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಲತಾಶ್ರೀಗೆ ಉರಿಯುತ್ತಿತ್ತು. ಇವತ್ತಿನದಲ್ಲ ಅದು.

ಇಪ್ಪತ್ತೆಂಟು ವರ್ಷದ ಹಿಂದೆ, ಮೈಸೂರಿನ ಸರಸ್ವತಿಪುರಂನಲ್ಲಿ, ಬದರೀನಾಥ ಮೊದಲು ಹೆಣ್ಣು ನೋಡಲು ಹೋದದ್ದು ರೇಣುವಿನ ಮನೆಗೆ. ಕೇಸರಿಬಾತು, ಉಪ್ಪಿಟ್ಟು ಆಯಿತು, ಇಬ್ಬರಿಗೂ ಒಪ್ಪಿಗೆಯೂ ಆಯಿತು. ಸಂಬಂಧ ತಂದವರು ಇದೇ ದ್ವಾರಕಾನಾಥ ಮಾಮ. ಎಂಟನೆಯ ದಿನ ಮಾಮನ ಹೆಸರಿಗೆ ಒಂದು ಅನಾಮಧೇಯ ಪತ್ರ ಬಂತು. ಸಂಬಂಧ ಮುರಿಯಿತು. ಮತ್ತೆರಡು ತಿಂಗಳಿಗೆ ಬದರೀನಾಥ ಪಕ್ಕದ ಬೀದಿಯಲ್ಲಿ, ರೇಣುವಿನ ಕ್ಲಾಸ್‌ಮೇಟ್ ಲತಾಶ್ರೀಯ ಮನೆಯಲ್ಲಿ ಉಪ್ಪಿಟ್ಟು ತಿಂದ.

ಆ ಪತ್ರದ ಬಗ್ಗೆ ಲತಾಶ್ರೀ ಯೋಚಿಸುವುದಿಲ್ಲ. ಯೋಚಿಸಬಾರದೆಂದು ಎಂದೋ ತೀರ್ಮಾನ ಮಾಡಿದ್ದಳು. ತೀರ್ಮಾನದ ವಿಷಯದಲ್ಲಿ ಅವಳು ಗಟ್ಟಿಗಿತ್ತಿ. ತಾನು ಎರಡನೆಯ ಉಪ್ಪಿಟ್ಟು ಎಂಬುದನ್ನು ಮಾತ್ರ ಒಂದು ದಿನವೂ ಮರೆತವಳಲ್ಲ.

ಆಗಲೇ ಅವಳಿಗೆ ರೇಣುವಿನ ಕೈಯಲ್ಲಿದ್ದ ಬಿಳಿಯ ಟವೆಲು ಕಂಡದ್ದು. ಅದರ ಮೇಲೆ ಕಲೆಗಳಿದ್ದವು. ಹಳದಿ ಕಲೆಗಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆದರೆ ಇದು ನಿಜವಾಗಿಯೇ ಹಳದಿ.

"ರೇಣು, ಒಂದು ನಿಮಿಷ ಹೊರಗೆ ಬಾ. ಟವೆಲ್ ತಗೊಂಡೇ ಬಾ."

*

ಮೊಗಸಾಲೆಯ ಕೊನೆಯಲ್ಲಿ ಹಾಸಿಗೆ ಬಟ್ಟೆ ಇಡುವ ಸಣ್ಣ ಕೋಣೆ. ಲತಾಶ್ರೀ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಇದೇನೇ ಇದು?"

"ಟವೆಲ್ಲು."

"ಕಲೆ ಏನದು ಅಂತ ಕೇಳ್ದೆ."

"ನಂಗೇನು ಗೊತ್ತು ಲತಾ? ಬೆಳಗ್ಗಿಂದ ಒರೆಸ್ತಾ ಇದೀನಿ."

"ಮಾಮನ ಮಾತ್ರೆ ಹಳದಿ. ನೀರಲ್ಲಿ ಹಾಕಿದ್ರೆ ಹಳದಿ ಬಿಡತ್ತೆ. ತಾಹೇರಾನ್ನ ಕೇಳು ಬೇಕಾದ್ರೆ. ನಿನ್ನೆ ಊಟದ ಹೊತ್ತಲ್ಲಿ ಮಾಮನ ಚೀಲ ಯಾರ ಹೆಗಲಲ್ಲಿತ್ತು?"

"ನನ್ನ ಹೆಗಲಲ್ಲಿ. ಬಡಿಸೋವಾಗ ಕುರ್ಚಿಗೆ ಹಾಕಿದ್ದೆ."

"ಹಾಕಿದ್ದೆ ಅಂತ ನೀನು ಹೇಳ್ತೀಯ. ನೋಡಿದೋರು ಯಾರೂ ಇಲ್ಲ."

ರೇಣುವಿನ ಮುಖ ಕೆಂಪಾಯಿತು. ಅವಳಿಗೆ ಸಿಟ್ಟು ಬಂದಾಗಲೂ ಚೆನ್ನಾಗಿ ಕಾಣುವ ದುರಭ್ಯಾಸವಿತ್ತು.

"ನಾನ್ ಕದ್ದೆ ಅಂತೀಯಾ? ಓಕ್ ಬ್ರೂಕ್‌ನಲ್ಲಿ ಹತ್ತು ವರ್ಷದಿಂದ ವಾರಕ್ಕೆರಡು ಸಲ ಅವರ ಮನೆಗೆ ಹೋಗಿ ಆ ಡಬ್ಬಿಗೆ ಮಾತ್ರೆ ತುಂಬೋಳು ನಾನು ಕಣೇ. ನೀವು ಡೆಟ್ರಾಯಿಟ್‌ನಿಂದ ಬರೋದು ಹಬ್ಬಕ್ಕೆ, ಫೋಟೋಗೆ."

"ಮಾತು ಬದಲಾಯಿಸ್ಬೇಡ."

"ಬದಲಾಯಿಸ್ತಿಲ್ಲ. ಕೇಳು." ರೇಣು ಮಡಿಸಿಟ್ಟ ಹೊದಿಕೆಗಳ ಮೇಲೆ ಕುಸಿದು ಕುಳಿತಳು. "ನಿನ್ನೆ ಬೆಳಿಗ್ಗೆ ಮಾತ್ರೆ ಕೊಡೋವಾಗ ಮಾಮ ನನ್ನ ಕೈ ಹಿಡ್ಕೊಂಡ್ರು. 'ಸಂಜೆ ಎಲ್ಲ ಗಲಾಟೆ ಮುಗಿದ್ಮೇಲೆ ಬಾ. ನಿನ್ನ ಹತ್ರ ಕ್ಷಮೆ ಕೇಳ್ಬೇಕು. ಮನೆ ಖಾಲಿ ಮಾಡೋವಾಗ ಆ ಹಳೇ ಕಾಗದ ಸಿಕ್ತು, ಜೊತೇಲೇ ತಂದಿದೀನಿ. ಯಾರು ಬರೆದಿದ್ದು ಅಂತ ಈಗ ಗೊತ್ತಾಯ್ತು' ಅಂದ್ರು."

ಲತಾಶ್ರೀ ಬೆನ್ನ ಹಿಂದಿನ ಬಾಗಿಲ ಹಿಡಿಯನ್ನು ಹಿಡಿದುಕೊಂಡಳು.

"ಯಾವ ಕಾಗದ?" ಎಂದಳು. ಕೇಳಲೇಬೇಕಾದ ಪ್ರಶ್ನೆಯೆಂದು ಕೇಳಿದಳು.

"ಯಾವುದು ಅಂತ ನಿಂಗೆ ಗೊತ್ತಿಲ್ವಾ? ನಂಗೆ ಮೂರ್ಛೆ ರೋಗ ಇದೆ ಅಂತ ಬರೆದಿದ್ರಲ್ಲ, ಅದು. ಹೆಸರಿಲ್ದೆ." ರೇಣು ತನ್ನ ಅಂಗೈ ನೋಡಿಕೊಂಡಳು. "ಒಂದು ಸಂಬಂಧ ಮುರಿದಿದ್ರೆ ಹೋಗ್ಲಿ ಅನ್ಬೋದಿತ್ತು. ಸುದ್ದಿ ಊರೆಲ್ಲ ಹಬ್ಬಿ ನಾಲ್ಕು ವರ್ಷ ನಮ್ಮನೆ ಮೆಟ್ಟಿಲು ಯಾರೂ ಹತ್ತಲಿಲ್ಲ. ಅಪ್ಪ ಅದೇ ಕೊರಗಲ್ಲೇ ಹೋದ್ರು. ಆಮೇಲೆ ಶ್ರೀಧರ್ ಬಂದು ಮದುವೆ ಆದ್ರು, ನಂಗೆ ಒಳ್ಳೇದೇ ಆಯ್ತು. ಆದ್ರೆ ಬರೆದೋರ ಹೆಸರು ಕೇಳೋಕೆ ಅಂತ ನಾನು ಇಪ್ಪತ್ತೆಂಟು ವರ್ಷ ಕಾದಿದೀನಿ. ಅದನ್ನ ಹೇಳ್ತೀನಿ ಅಂದ ಬಾಯಿನ ನಾನೇ ಕಟ್ಟಿಸ್ತೀನಾ? ಹೇಳು."

ಕಾರ್ಖಾನೆಯಲ್ಲಾದರೆ ಈ ಉತ್ತರ ಕೇಳಿದ ಕೂಡಲೇ ಲತಾಶ್ರೀ ಆ ಹೆಸರಿಗೆ ಗೀಟು ಹಾಕಿ ಕೈಬಿಡುತ್ತಿದ್ದಳು. ಇಲ್ಲಿ ಕೈ ಏಳಲಿಲ್ಲ. ರೇಣು ತಪ್ಪಿತಸ್ಥೆ ಆಗಿರಲಿ ಎಂದು ತಾನು ಎಷ್ಟು ಆಸೆಪಟ್ಟಿದ್ದೆ ಎಂಬುದು ಅವಳಿಗೆ ಆ ಕ್ಷಣದಲ್ಲಿ ಗೊತ್ತಾಯಿತು, ನಾಚಿಕೆಯೂ ಆಯಿತು.

"ಮತ್ತೆ ಈ ಕಲೆ?" ಎಂದಳು, ಬೇರೆ ಏನೂ ತೋಚದೆ.

"ಫ್ಲಾಸ್ಕ್ ನೀರಲ್ಲಿ ಅದ್ದಿದ್ದು. ಕುಡಿಸು ಕುಡಿಸು ಅಂತ ಬದರಿ ತಂದ್ಕೊಡ್ತಾನೆ. ಬಾಯೇ ತೆರೀತಿಲ್ಲ, ಹೇಗೆ ಕುಡಿಸ್ಲಿ? ಸುಮ್ನೆ ಯಾಕೆ ಚೆಲ್ಲೋದು ಅಂತ ಅದ್ರಲ್ಲೇ ಒರೆಸ್ದೆ. ಹಡಗಿನ ನೀರೇ ಹೀಗೆ ಹಳದಿ ಅಂದ್ಕೊಂಡೆ."

ಹೊರಗೆ ಭೋಂಪು ಕೂಗಿತು. ಒಂದು ಉದ್ದ, ಎರಡು ಗಿಡ್ಡ.

"ಅಷ್ಟಕ್ಕೂ, ಹೆಂಗಸರೇ ಕದ್ದಿದ್ದು ಅಂತ ಯಾಕೆ ಎಲ್ರನ್ನೂ ಹಿಡ್ಕೊಂಡು ಕೇಳ್ತಿದೀಯ? ಡಬ್ಬಿಲಿ ಏನಿತ್ತು ಅಂತಾನೂ ಯಾರಿಗೂ ಹೇಳಲ್ಲ," ಎಂದಳು ರೇಣು.

ಲತಾಶ್ರೀ ಸ್ವೆಟರಿನ ಜೇಬಿನಿಂದ ಡಬ್ಬಿ ತೆಗೆದು ಕೊಟ್ಟಳು. ರೇಣು ಮುಚ್ಚಳ ತೆಗೆದಳು, ನೋಡಿದಳು. ಅವಳ ಹುಬ್ಬು ಮೊದಲು ಮೇಲೇರಿತು, ಆಮೇಲೆ ನಿಧಾನವಾಗಿ ಗಂಟಿಕ್ಕಿತು.

"ನಮ್ಮನೇಲಿ ಸಕ್ಕರೆ ಹಾಕಲ್ಲ ಲತಾ. ಅಮ್ಮನ ಕಾಲದಿಂದ ನಾಲ್ಕು ಅಕ್ಕಿಕಾಳು. ತುಂಬ ಜನ ಸಕ್ಕರೆ ಹಾಕ್ತಾರೆ, ಸರಿ. ಆದ್ರೆ ಸಕ್ಕರೆ ನಡುವೆ ಹೀಗೆ ಒಂದು ಲವಂಗ ಇಡೋ ಮನೆ ನಂಗೆ ಗೊತ್ತಿರೋದು ಒಂದೇ."

"ಲವಂಗ ಮಾಮಂದು. ಜಗೀತಾರಲ್ಲ."

"ಬಿದ್ದಿದ್ದಲ್ಲ, ಇಟ್ಟಿದ್ದು ಇದು. ಇರುವೆ ಬರ್ಬಾರ್ದು ಅಂತ." ರೇಣು ತಲೆಯೆತ್ತಿ ಅವಳನ್ನೇ ದಿಟ್ಟಿಸಿದಳು. "ನಾನು ನಿಮಗೆ ಉಪ್ಪಿನಕಾಯಿ ಕಳಿಸಿದ ಡಬ್ಬಿ, ಹುಳಿಪುಡಿ ಕಳಿಸಿದ ಡಬ್ಬಿ, ಪ್ರತಿ ವರ್ಷ ಹೀಗೇ ವಾಪಸ್ ಬರತ್ತೆ. ಸಕ್ಕರೆ, ನಡುವೆ ಲವಂಗ. ನಾನು ಮನಸಲ್ಲೇ ಎಷ್ಟು ಹೊಗಳಿದೀನಿ, ಲತಾ ಎಷ್ಟು ಅಚ್ಚುಕಟ್ಟು ಅಂತ. ನಿಮ್ಮನೆ ಕೈ ಇದು. ಲತಾ... ನೀನೇನಾ?"

ಲತಾಶ್ರೀಗೆ ನಗು ಬರುವಂತಾಯಿತು. ಅಳುವೂ ಬರುವಂತಾಯಿತು. ಎರಡೂ ಬರಲಿಲ್ಲ.

ಅವಳು ಬೆಳಗ್ಗೆ ಐದೂವರೆಗೆ ಕಾರ್ಖಾನೆಗೆ ಹೊರಡುವವಳು. ಮದುವೆಯಾದ ಮೇಲೆ ಒಂದೇ ಒಂದು ಡಬ್ಬಿಯನ್ನೂ ತೊಳೆದು ತುಂಬಿ ಕಳಿಸಿದವಳಲ್ಲ. ಮನೆಯಲ್ಲಿ ಆ ಕೆಲಸವೆಲ್ಲ ಬದರೀನಾಥನದು, ತಾಯಿ ಕಲಿಸಿದ್ದು. ಯಾರ ಡಬ್ಬಿ ಯಾರಿಗೆ ಎಂದು ಚೀಟಿ ಅಂಟಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಸಾಲಾಗಿ ಇಡುವವನು ಅವನು. ಒಳಗೆ ಏನು ಹಾಕುತ್ತಾನೆಂದು ಅವಳು ಒಮ್ಮೆಯೂ ಮುಚ್ಚಳ ತೆಗೆದು ನೋಡಿರಲಿಲ್ಲ. ಕಳಿಸುವ ಮನೆಯವರು ಯಾಕೆ ನೋಡಬೇಕು? ಅದು ಗೊತ್ತಾಗುವುದು ಪಡೆದ ಮನೆಗೆ.

ಮೂವತ್ತೊಂದು ಗಂಡಸರಿಗೆ ಒಂದೇ ಗೀಟು ಎಳೆದಿದ್ದಳಲ್ಲ, ಆ ಗೀಟು ಈಗ ಅವಳನ್ನೇ ನೋಡಿ ನಗುತ್ತಿತ್ತು.

"ಇಲ್ಲೇ ಇರು. ಇಲ್ಲ, ಮಾಮನ ಹತ್ರ ಹೋಗು. ಬಂದೆ," ಎಂದು ಲತಾಶ್ರೀ ಹೊರಗೆ ನುಗ್ಗಿದಳು.

*

ನಿನ್ನೆ ಸಂಜೆ ಹಡಗಿನ ಅಧಿಕಾರಿಯೊಬ್ಬನನ್ನು ಜೊತೆಗಿಟ್ಟುಕೊಂಡು ಅವಳು ಅರವತ್ತಮೂರು ಕೋಣೆಗಳನ್ನು ಜಾಲಾಡಿದ್ದಳು. ಗೌರವಸ್ಥರ ಸೂಟ್‌ಕೇಸು ಬಿಚ್ಚಿಸಿ ಬೈಸಿಕೊಂಡಿದ್ದಳು. ಹಡಗಿನಲ್ಲಿದ್ದ ಕೋಣೆಗಳು ಅರವತ್ತನಾಲ್ಕು. ದೀಪದ ಬುಡದಲ್ಲಿ ಕತ್ತಲೆ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ತನ್ನ ಕೋಣೆಯ ಬಾಗಿಲು ತೆಗೆದು ನೇರವಾಗಿ ತಿಂಡಿಯ ಚೀಲಕ್ಕೆ ಕೈ ಹಾಕಿದಳು. ಕೋಡುಬಳೆ ಡಬ್ಬಿ ಖಾಲಿ. ಅದರ ಕೆಳಗೆ ಚಟ್ನಿಪುಡಿಯ ಡಬ್ಬಿ. ಪುಡಿಯ ಮೇಲೆ ಮಡಿಸಿದ ಕಾಗದದ ಕರವಸ್ತ್ರ. ಬಿಚ್ಚಿದಳು. ಹಳದಿ ಮಾತ್ರೆಗಳು, ಒಂಬತ್ತು.

"ಐದನ್ನ ನೀರಲ್ಲಿ ಹಾಕಿ ಕೊಟ್ಟೆ," ಎಂಬ ದನಿ ಬಾಗಿಲಿನಿಂದ ಬಂತು. "ಅವಳು ಕುಡಿಸ್ಲೇ ಇಲ್ಲ."

ಬದರೀನಾಥ ಖಾಲಿ ಕೈಯಲ್ಲಿ ನಿಂತಿದ್ದ. ಎರಡು ದಿನದ ಬಿಳಿ ಗಡ್ಡ ಅವನಿಗೆ ಹತ್ತು ವರ್ಷ ಕೂಡಿಸಿತ್ತು.

"ಯಾಕ್ರೀ?"

"ಸಂಜೆಗೆಲ್ಲ ದಡ ಸೇರ್ತೀವಿ ಅಂದಿದ್ರು ಕ್ಯಾಪ್ಟನ್ನು. ಒಂದೆರಡು ಹೊತ್ತು ತಪ್ಪಿದ್ರೆ ಮಾತು ನಿಲ್ಲತ್ತೆ, ಜೀವಕ್ಕೇನಿಲ್ಲ ಅಂದ್ಕೊಂಡೆ. ಇಳಿದ ತಕ್ಷಣ ಅವರನ್ನ ನಮ್ಮ ಮನೆಗೆ ಕರ್ಕೊಂಡು ಹೋಗಿ, ಕೈಕಾಲು ಹಿಡಿದು, ಹೇಳ್ಬೇಡಿ ಮಾಮ ಅಂತ ಒಪ್ಪಿಸ್ತಿದ್ದೆ. ಮಂಜು ಬರತ್ತೆ ಅಂತ ಯಾರಿಗೆ ಗೊತ್ತಿತ್ತು? ಬಂದ್ಮೇಲೆ ಹೇಗೆ ವಾಪಸ್ ಇಡ್ಲಿ? ನೀನು ಎಲ್ರ ಕೋಣೆ ಹುಡುಕ್ತಿದೀಯ, ಅವಳು ಮಂಚ ಬಿಟ್ಟು ಏಳ್ತಿಲ್ಲ."

"ಡಬ್ಬಿಗೆ ಸಕ್ಕರೆ ಯಾಕೆ ಹಾಕಿದ್ರಿ?"

ಅವನು ಆ ಪ್ರಶ್ನೆಗೆ ಮಾತ್ರ ನಿಜವಾಗಿ ಯೋಚಿಸಿದ. "ಖಾಲಿ ಇಡೋಕೆ ಕೈ ಬರ್ಲಿಲ್ಲ."

"ಮಾಮ ಏನು ಹೇಳ್ಬಾರ್ದಿತ್ತು? ಯಾಕೆ ಹೇಳ್ಬಾರ್ದಿತ್ತು?"

ಕೇಳಿದಳು. ಯಾಕೆ, ಯಾಕೆ ಎಂದು ಹಿಂದಕ್ಕೆ ನಡೆಯುವುದು ಅವಳ ಕಸುಬು. ಆದರೆ ಈ ಸಲ ದಾರಿ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಮಂಚದ ಅಂಚಿಗೆ ಕುಳಿತಳು.

"ಪ್ರತಿ ವರ್ಷ ಕನ್ನಡ ಕ್ಲಾಸಿನ ಮಕ್ಕಳ ಸರ್ಟಿಫಿಕೇಟ್ ಮೇಲೆ ಹೆಸರು ಬರೆಯೋದು ನೀನು," ಬದರೀನಾಥ ಮೆಲ್ಲಗೆ ಹೇಳಿದ. "ಕೊಡೋದು ಮಾಮ. ಆ ಹಳೇ ಇನ್‌ಲ್ಯಾಂಡ್ ಲೆಟರ್ ಸಿಕ್ಕಿದ ದಿನ ಮೇಜಿನ ಮೇಲೆ ಈ ವರ್ಷದ ಸರ್ಟಿಫಿಕೇಟೂ ಇತ್ತಂತೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರಂತೆ. ಮೊದಲನೇ ದಿನ ಹಡಗು ಹತ್ತಿದ ಕೂಡ್ಲೇ ನಂಗೆ ಹೇಳಿದ್ರು."

ಅವಳು ಕೇಳಿಸಿಕೊಂಡಳು. ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದು ಕಣ್ಣಿಗೆ ಬಂತು. ಕಿಟಕಿಯಿಂದ ರೇಣುವಿನ ಮನೆಗೆ ಬಂದ ಹುಡುಗನನ್ನು ನೋಡಿದ್ದಳು. ಅವಳಿಗೇ ಯಾಕೆ, ಯಾವಾಗಲೂ ಅವಳಿಗೇ ಯಾಕೆ ಎಂದು ಹಲ್ಲು ಕಚ್ಚಿ ನಾಲ್ಕೇ ನಾಲ್ಕು ಸಾಲು ಬರೆದಿದ್ದಳು. ಅದನ್ನು ಅಂಚೆ ಡಬ್ಬಿಗೆ ಹಾಕಿದ್ದಳು.

"ನಿಮಗೆ ಮೊನ್ನೆ ಗೊತ್ತಾಯ್ತಾ?"

"ಇಲ್ಲ." ಅವನು ಅವಳ ಪಕ್ಕದಲ್ಲಿ ಕುಳಿತ. "ನಿಶ್ಚಿತಾರ್ಥ ಆದ್ಮೇಲೆ ನೀನು ನಂಗೆ ಮೊದಲನೇ ಕಾಗದ ಬರೆದ್ಯಲ್ಲ. ಅವತ್ತೇ. ಆ ಹಳೇದನ್ನ ಮಾಮ ನಂಗೆ ತೋರಿಸಿದ್ರು, ಅಕ್ಷರ ಮರೆತಿರ್ಲಿಲ್ಲ."

"ಗೊತ್ತಿದ್ದೂ ಮದುವೆ ಆದ್ರಾ?"

"ಸಿಟ್ಟು ಬಂತು. ಒಂದು ವಾರ ಊಟ ಸೇರ್ಲಿಲ್ಲ. ಆಮೇಲೆ ಅನ್ನಿಸ್ತು, ಅಷ್ಟು ದೊಡ್ಡ ತಪ್ಪು ಮಾಡಿಯಾದ್ರೂ ನಾನೇ ಬೇಕು ಅಂದೋಳು ಇನ್ನೊಬ್ಳು ಎಲ್ಲಿದಾಳೆ ಅಂತ."

ಇಪ್ಪತ್ತೆಂಟು ವರ್ಷ ಅವಳು ಈ ಮನುಷ್ಯನ ಫೋನು, ನೋಟ, ನಗು, ಫ್ಲಾಸ್ಕು ಎಲ್ಲವನ್ನೂ ಲೆಕ್ಕ ಇಟ್ಟು ಉರಿದಿದ್ದಳು. ಅಷ್ಟೂ ದಿನ ಅವನು ಅವಳ ತಪ್ಪನ್ನು ಬಾಯಿಗೆ ಬೀಗ ಹಾಕಿ ಕಾದಿದ್ದ. ಈಗ ಅವಳಿಗಾಗಿ ತನ್ನ ಸೋದರಮಾವನ ಪ್ರಾಣವನ್ನೇ ಒತ್ತೆ ಇಟ್ಟುಬಿಟ್ಟಿದ್ದ. ಅವನ ಮೇಲೆ ಅವಳಿಗೆ ಉಕ್ಕಿ ಬಂದದ್ದು ಪ್ರೀತಿಯೋ ಕೋಪವೋ ಅವಳಿಗೇ ತಿಳಿಯಲಿಲ್ಲ. ಕಪಾಳಕ್ಕೆ ಹೊಡೆಯಬೇಕೆನ್ನಿಸಿತು, ಹೆಗಲ ಮೇಲೆ ತಲೆಯಿಡಬೇಕೆಂದೂ ಅನ್ನಿಸಿತು.

ಬಾಗಿಲ ಮೇಲೆ ದಡದಡ ಸದ್ದಾಯಿತು.

"ಲತಾ! ಒಳಗಿದೀಯಾ?" ರೇಣುವಿನ ದನಿ. "ಮಾಮನ ಉಸಿರು ಒಂಥರಾ ಆಗ್ತಿದೆ ಕಣೇ! ತಾಹೇರಾ ಕರೀತಿದಾರೆ. ಏನಾದ್ರೂ ಸಿಕ್ತಾ?"

ಬದರೀನಾಥ ಹೆಂಡತಿಯ ಮುಷ್ಟಿಯನ್ನು ನೋಡಿದ.

"ಕೊಟ್ರೆ ಅವರು ಮಾತಾಡ್ತಾರೆ," ಎಂದು ಪಿಸುಗುಟ್ಟಿದ. "ಕೊಡ್ಬೇಡ ಅಂತಲ್ಲ. ಕೊಟ್ರೆ ಮಾತಾಡ್ತಾರೆ, ಅಷ್ಟೇ."

ಭೋಂಪು ಕೂಗಿತು. ಅದು ಇನ್ನೊಮ್ಮೆ ಕೂಗುವ ತನಕ ಲತಾಶ್ರೀ ಕುಳಿತೇ ಇದ್ದಳು. ಎರಡು ನಿಮಿಷ. ಆ ಎರಡು ನಿಮಿಷ ತಾನು ಏನು ಯೋಚಿಸಿದೆನೆಂದು ಅವಳು ಮುಂದೆಂದೂ ಯಾರಿಗೂ ಹೇಳಲಾರಳು.

ಆಮೇಲೆ ಎದ್ದು ಬಾಗಿಲು ತೆಗೆದಳು.

"ಸಿಕ್ತು," ಎಂದಳು.

*

ತಾಹೇರಾ ಎಲ್ಲಿ ಸಿಕ್ಕಿತೆಂದು ಕೇಳಲಿಲ್ಲ. ಒಂದು ಮಾತ್ರೆಯನ್ನು ಚಮಚದ ಹಿಂಬದಿಯಲ್ಲಿ ಅರೆದು, ನೀರಲ್ಲಿ ಕಲಸಿ, ಮಾಮನ ಕೆನ್ನೆಯ ಒಳಭಾಗಕ್ಕೆ ಹನಿ ಹನಿಯಾಗಿ ಬಿಟ್ಟಳು. ಗಂಟಲು ನಿಧಾನಕ್ಕೆ ಅಲುಗಿತು. ಇನ್ನೊಂದು ಹನಿ. ಮತ್ತೆ ಅಲುಗಿತು.

"ಹೊಟ್ಟಿಗೆ ಹೊಂಟದ. ಮುಕ್ಕಾಲು ತಾಸು ಬೇಕ್ರಿ. ಎಲ್ಲಾರೂ ಸುಮ್ನ ಕೂಡ್ರಿ," ಎಂದಳು.

ಕುಳಿತರು. ರೇಣು ಮಂಚದ ತಲೆಯ ಕಡೆ, ಲತಾಶ್ರೀ ಕಾಲಿನ ಕಡೆ. ಬದರೀನಾಥ ಬಾಗಿಲಲ್ಲಿ ನಿಂತೇ ಇದ್ದ. ರೇಣು ಎರಡು ಸಲ ಲತಾಶ್ರೀಯ ಕಡೆ ನೋಡಿದಳು. ಲವಂಗದ ಪ್ರಶ್ನೆ ಆ ನೋಟದಲ್ಲಿ ಇನ್ನೂ ಇತ್ತು, ಆದರೆ ಮಾತ್ರೆ ತಂದವಳೂ ಇವಳೇ ಆದ್ದರಿಂದ ಅದಕ್ಕೆ ಬಾಯಿ ಬಂದಿರಲಿಲ್ಲ.

ಮೂವತ್ತನೆಯ ನಿಮಿಷಕ್ಕೆ ಮಾಮನ ಬಲಗೈ ಹೆಬ್ಬೆರಳು ಅಲುಗಿತು. ನಲವತ್ತಕ್ಕೆ ರೆಪ್ಪೆ ಬಡಿಯಿತು. ತಾಹೇರಾ "ಯಾ ಅಲ್ಲಾ" ಎಂದು ಉಸಿರುಬಿಟ್ಟಳು. ರೇಣು ಅಳತೊಡಗಿದಳು. ಮಾಮ ಬದುಕಿದರು ಎಂದು ಲತಾಶ್ರೀಗೆ ನಿಜವಾಗಿಯೂ ಸಂತೋಷವಾಯಿತು. ಸಂತೋಷದ ಬೆನ್ನಿಗೇ ಭಯವೂ ಬಂದು ಪಕ್ಕದಲ್ಲಿ ಕುಳಿತಿತು.

ಮಾಮನ ಕಣ್ಣು ಕೋಣೆಯೆಲ್ಲ ಸುತ್ತಿ ಬದರೀನಾಥನನ್ನು ದಾಟಿ ಲತಾಶ್ರೀಯ ಮೇಲೆ ಬಂದು ನಿಂತಿತು. ತುಟಿ ಅದುರಿತು. ರೇಣು ಬಗ್ಗಿ ಅವರ ಬಾಯಿಗೆ ಕಿವಿಯಿಟ್ಟಳು. ಅವರ ಬೆರಳು ಅಂಗಿಯ ಜೇಬಿನ ಮೇಲೆ ತಡವರಿಸಿತು. ರೇಣು ಜೇಬಿಗೆ ಕೈ ಹಾಕಿ, ನಾಲ್ಕು ಮಡಿಕೆಯ ನೀಲಿ ಇನ್‌ಲ್ಯಾಂಡ್ ಲೆಟರನ್ನು ತೆಗೆದು ಬಿಚ್ಚಿದಳು. ಓದಿದಳು. ನಾಲ್ಕೇ ಸಾಲು, ಹೊತ್ತಾಗಲಿಲ್ಲ.

ಮತ್ತೆ ಬಗ್ಗಿ ಕಿವಿಯಿಟ್ಟಳು. ತಲೆಯೆತ್ತಿದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು.

"'ಲತಾ ಬರೆದಿದ್ದು ನೋಡು' ಅಂತಿದಾರೆ ಮಾಮ. ಅಷ್ಟೇ ಹೇಳ್ತಿದಾರೆ. ಏನ್ ಬರೆದೆ ಲತಾ?"

ಬಾಗಿಲಲ್ಲಿ ಬದರೀನಾಥ ಕಣ್ಣು ಮುಚ್ಚಿಕೊಂಡ.

ರೇಣುವಿನ ದೃಷ್ಟಿ ಲತಾಶ್ರೀಯ ಮಡಿಲಿಗೆ ಇಳಿಯಿತು. ಅಲ್ಲಿ ನೋಟ್‌ಬುಕ್ ತೆರೆದೇ ಇತ್ತು. ಇಪ್ಪತ್ತೆರಡು ಹೆಸರುಗಳು, ಅಚ್ಚುಕಟ್ಟಾದ ದುಂಡನೆಯ ಕನ್ನಡ ಅಕ್ಷರ. ಅವುಗಳಲ್ಲಿ ಒಂದು ಹೆಸರಿನ ಕೆಳಗೆ ಮಾತ್ರ ಮೂರು ಗೀಟು.

ಅದೇ ಹೆಸರು ಇಪ್ಪತ್ತೆಂಟು ವರ್ಷದ ಹಿಂದಿನ ಆ ನೀಲಿ ಕಾಗದದ ಮೊದಲ ಸಾಲಿನಲ್ಲೂ ಇತ್ತು.

ರೇಣು ಕೈ ಚಾಚಿದಳು.

"ಆ ನೋಟ್‌ಬುಕ್ ಕೊಡು ಲತಾ."